ಅತ್ತಿಗೆ ಹಿಂದಕ್ಕೆ ತೆಗೆದ ಗಾಡಿ

ಕಳೆದ ವಾರ ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಇಳಿದು ಆಟೊದಲ್ಲಿ ಮನೆಗೆ ಬರುತ್ತಿದ್ದೆ. ಮೇಲ್ಸೇತುವೆಯ ಏರಿನಲ್ಲಿ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ನಮ್ಮ ಮುಂದಿದ್ದ ಮಿನಿಬಸ್ಸು ಮುಂದಕ್ಕೆ ಹೋಗಲಾರದೆ ಒದ್ದಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕ್ಲಚ್ ಸುಟ್ಟ ವಾಸನೆ ಬಂತು, ಗಂಟಲಿನಲ್ಲಿ ಹೋಗಿ ಕೂರುವಂಥದ್ದು. "ಮೂಗು ಮುಚ್ಕೊಳಿ ಮೇಡಂ" ಎಂದರು ಆಟೊದವರು. ನನಗೆ ಕೇಳಿಸಿದರೂ ಕೈ ಏಳಲಿಲ್ಲ. ಬಂಡೀಪುರದ ಆಚೆಯ ಆ ರಸ್ತೆ, ಮುರಿದುಬಿದ್ದ ಕನ್ನಡಿ, ಸ್ಟೀರಿಂಗ್ ಹಿಡಿದ ಅತ್ತಿಗೆಯ ಕೈಗಳು... ಎಲ್ಲ ಒಟ್ಟಿಗೆ ಬಂದು ನಿಂತವು.

ನಾವು ಗದಗದ ಕಡೆಯವರು. ಅಣ್ಣನಿಗೆ ಇಲ್ಲಿ ಕೆಲಸ ಸಿಕ್ಕಮೇಲೆ ಅವ್ವ ಮತ್ತು ನಾನು ಅವನ ಹಿಂದೆ ಬಂದೆವು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದೆ ಎರಡನೇ ಮಹಡಿಯ ಬಾಡಿಗೆ ಮನೆ. ಅತ್ತಿಗೆ ಆ ಮನೆಗೆ ಬಂದದ್ದು ರಿಚರ್ಡ್ಸ್ ಟೌನಿನಿಂದ. ಅವರ ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಸ್ಕೂಲಿನಲ್ಲಿ ಇಂಗ್ಲಿಷು. ಕನ್ನಡವೂ ಚೆನ್ನಾಗಿಯೇ ಬರುತ್ತಿತ್ತು, ಆದರೆ ಅವ್ವನ ಕನ್ನಡ ಕೇಳಿ ಮೊದಮೊದಲು ಕಣ್ಣುಕಣ್ಣು ಬಿಡುತ್ತಿದ್ದರು. ಅವರ ತಂದೆ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನುಗಳನ್ನು ಇಟ್ಟುಕೊಂಡಿದ್ದರು. ಭಾನುವಾರ ಮೈದಾನ ಖಾಲಿ ಇದ್ದಾಗ ಮಗಳನ್ನು ವ್ಯಾನಿನ ಸೀಟಿನಲ್ಲಿ ಕೂರಿಸಿ ಓಡಿಸಲು ಕಲಿಸಿದ್ದರಂತೆ. ಮದುವೆಯಾದ ಮೇಲೆ ಅತ್ತಿಗೆ ಸ್ಟೀರಿಂಗ್ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಅಣ್ಣನಿಗೆ ಇಷ್ಟವಿರಲಿಲ್ಲ.

ಅಣ್ಣ ಕೆಟ್ಟವನಲ್ಲ. ಮಗಳು ಪುಟ್ಟಿಗೆ ಜ್ವರ ಬಂದರೆ ಆಫೀಸಿಗೆ ರಜೆ ಹಾಕಿ ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದ. ಆದರೆ ಅತ್ತಿಗೆ ಏನು ಹೇಳಿದರೂ ಅವನ ಬಾಯಿಗೆ ಮೊದಲು ಬರುತ್ತಿದ್ದ ಮಾತು "ನಿಂಗೆ ಗೊತ್ತಾಗಲ್ಲ" ಎಂಬುದು. ಅದನ್ನು ಸಿಟ್ಟಿನಿಂದಲೂ ಹೇಳುತ್ತಿರಲಿಲ್ಲ. ಉಪ್ಪು ಹಾಕಿ ಅನ್ನುವಷ್ಟು ಸಹಜವಾಗಿ ಹೇಳುತ್ತಿದ್ದ.

ಆ ವರ್ಷ ಹಲಸೂರಿನ ಒಂದು ಶಾಲೆಯವರು ಅತ್ತಿಗೆಯನ್ನು ಕೆಲಸಕ್ಕೆ ಕರೆದರು. ಶಾಲೆಯ ವ್ಯಾನುಗಳ ಉಸ್ತುವಾರಿ. ಯಾವ ಗಾಡಿ ಯಾವ ದಾರಿ, ಯಾವ ಡ್ರೈವರು, ಮಕ್ಕಳು ಹತ್ತಿದರಾ ಇಳಿದರಾ ಎಂದು ನೋಡಿಕೊಳ್ಳುವುದು. ಅತ್ತಿಗೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಅಣ್ಣ ಒಪ್ಪಲಿಲ್ಲ. ಡ್ರೈವರುಗಳ ನಡುವೆ ನಿಂತು ಮಾಡುವ ಕೆಲಸ ನಮ್ಮ ಮನೆಗೆ ಬೇಡ ಎಂದ. ಅಲ್ಲಿಂದ ಇಬ್ಬರೂ ಮಾತು ಬಿಟ್ಟರು. ಪುಟ್ಟಿಗೆ ಆಗಿನ್ನೂ ಐದು ವರ್ಷ. "ಅಪ್ಪಂಗೆ ಊಟಕ್ಕೆ ಬರೋಕೆ ಹೇಳು", "ಅಮ್ಮಂಗೆ ಆಮೇಲೆ ಅಂತ ಹೇಳು" ಎಂದು ಅವಳ ಮೂಲಕ ಸಂಸಾರ ನಡೆಯತೊಡಗಿತು.

ಪ್ರವಾಸದ ಯೋಚನೆ ಅವ್ವನದು. ಅಣ್ಣನ ಗೆಳೆಯರೊಬ್ಬರು ಒಂದು ದೊಡ್ಡ ವ್ಯಾನನ್ನು ಮನೆಯ ಹಾಗೆ ಮಾಡಿಸಿದ್ದರು. ಒಳಗೆ ಮಲಗಲು ಹಾಸಿಗೆ, ಪುಟ್ಟ ಗ್ಯಾಸ್ ಒಲೆ, ಮಡಚುವ ಮೇಜು, ನೀರಿನ ಟ್ಯಾಂಕು. ರಜೆಯಲ್ಲಿ ತೆಗೆದುಕೊಂಡು ಹೋಗಿ ಎಂದು ಅವರು ಆಗಾಗ ಹೇಳುತ್ತಿದ್ದರು. ನಾಗರಹೊಳೆ, ಬಂಡೀಪುರ, ಅಲ್ಲಿಂದ ಮುದುಮಲೈ, ಆಮೇಲೆ ಊಟಿ ಎಂದು ತೀರ್ಮಾನವಾಯಿತು. "ಒಂದ ಗಾಡ್ಯಾಗ ಕುಂತು, ಒಂದ ಗಾಡ್ಯಾಗ ಉಂಡ್ರ ಎಷ್ಟ ದಿನ ಮಾತ ಬಿಡ್ತಾರ?" ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು.

ಅವ್ವನ ಲೆಕ್ಕ ತಪ್ಪಿತ್ತು. ಮನೆಯಲ್ಲಾದರೆ ಒಬ್ಬರು ಸಿಟ್ಟಾದರೆ ಟೆರೇಸಿಗೆ ಹೋಗಬಹುದು. ಗಾಡಿಯಲ್ಲಿ ಎದ್ದು ಹೋಗಲು ಜಾಗವೇ ಇರಲಿಲ್ಲ. ಚಮಚ ಕೆಳಗಿಟ್ಟ ಸದ್ದಿನಲ್ಲೂ ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ ಎಂದು ತಿಳಿಯುತ್ತಿತ್ತು. ನಾಗರಹೊಳೆಯ ಹೊರಗೆ ಒಂದು ತೋಟದ ಅಂಗಳದಲ್ಲಿ ಗಾಡಿ ನಿಲ್ಲಿಸಿ ಉಳಿದೆವು. ಬೆಳಿಗ್ಗೆ ಸಫಾರಿ ಬಸ್ಸಿನಲ್ಲಿ ಕಾಡು ಸುತ್ತಿದೆವು. ಜಿಂಕೆ, ಕಾಟಿ, ನವಿಲು ಕಂಡವು. ಪುಟ್ಟಿಗೆ ಬೇಕಿದ್ದದ್ದು ಆನೆ. ಅದೊಂದು ಕಾಣಲಿಲ್ಲ. ಅಣ್ಣ ಬಲಗಡೆ ಕಿಟಕಿಯಲ್ಲಿ, ಅತ್ತಿಗೆ ಎಡಗಡೆ ಕಿಟಕಿಯಲ್ಲಿ, ಇಬ್ಬರೂ ಬೇರೆ ಬೇರೆ ಕಾಡು ನೋಡಿ ಬಂದವರ ಹಾಗೆ ಇಳಿದರು.

ಮಾರನೆಯ ದಿನ ಮಧ್ಯಾಹ್ನ ಬಂಡೀಪುರ ದಾಟಿ ಮುದುಮಲೈ ಕಡೆ ಹೊರಟಿದ್ದೆವು. ಅಣ್ಣ ಓಡಿಸುತ್ತಿದ್ದ. ಅತ್ತಿಗೆ ಪಕ್ಕದ ಸೀಟಿನಲ್ಲಿ. ಅವ್ವ, ಪುಟ್ಟಿ, ನಾನು ಹಿಂದೆ. ಒಂದು ಏರಿನ ತಿರುವು ದಾಟಿದ್ದೇ ರಸ್ತೆಯ ಬಲಗಡೆ ಆನೆಗಳು ಕಂಡವು. ಎರಡು ದೊಡ್ಡವು, ಒಂದು ಮರಿ. ರಸ್ತೆಗೆ ಅಂಟಿಕೊಂಡೇ ಮೇಯುತ್ತಿದ್ದವು. ಪುಟ್ಟಿ ಉಸಿರು ಹಿಡಿದು ಕಿಟಕಿಗೆ ಮುಖ ಒತ್ತಿದಳು.

"ನಿಲ್ಸಿ ರೀ. ಅವು ದಾಟೋ ಹಾಗಿವೆ" ಎಂದರು ಅತ್ತಿಗೆ. ಎಷ್ಟೋ ದಿನಗಳ ಮೇಲೆ ಅಣ್ಣನಿಗೆ ನೇರವಾಗಿ ಆಡಿದ ಮಾತು ಅದು.

"ಮುಂದಿನ ಕಾರು ಹೋಯ್ತಲ್ಲ. ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಅಣ್ಣ ಮುಂದಕ್ಕೆ ಬಿಟ್ಟ. ಅಷ್ಟರಲ್ಲಿ ಮರಿ ರಸ್ತೆಗೆ ಇಳಿಯಿತು. ಅಣ್ಣ ಬ್ರೇಕು ಒತ್ತಿದ ರಭಸಕ್ಕೆ ಒಲೆಯ ಮೇಲಿದ್ದ ಪಾತ್ರೆಗಳೆಲ್ಲ ದಡಾರನೆ ಉರುಳಿದವು. ಗಾಬರಿಯಲ್ಲಿ ಹಾರ್ನ್ ಒತ್ತಿಬಿಟ್ಟ. ಕಾಡಿನಲ್ಲಿ ಆ ಸದ್ದು ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ... ತಾಯಿಯಾನೆ ತಿರುಗಿತು. ಕಿವಿ ಅಗಲಿಸಿತು. ಅಣ್ಣ ರಿವರ್ಸ್ ಹಾಕಲು ಒದ್ದಾಡಿದ. ಗಾಡಿ ಹಿಂದೆ ಹೋಗುವ ಬದಲು ನಿಂತಲ್ಲೇ ಕುಪ್ಪಳಿಸಿತು. ಕ್ಲಚ್ ಸುಡುವ ವಾಸನೆ ಒಳಗೆಲ್ಲ ತುಂಬಿತು. ಇಂಜಿನ್ ನಿಂತುಹೋಯಿತು.

ಆನೆ ಓಡಿ ಬಂದು ಸ್ವಲ್ಪ ದೂರದಲ್ಲಿ ಗಕ್ಕನೆ ನಿಂತಿತು. ಅದರ ಕಾಲಿನ ಧೂಳು ನಮ್ಮ ಗಾಜಿನವರೆಗೂ ಬಂತು. ಅಣ್ಣ ಕೀ ತಿರುಗಿಸುತ್ತಲೇ ಇರಲಿಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದ.

"ಎದ್ದೇಳು" ಎಂದರು ಅತ್ತಿಗೆ. ಅವ್ವನ ಎದುರು ಗಂಡನನ್ನು ಅವರು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಎದ್ದು ಹಿಂದೆ ಹೋಗು. ಈಗ್ಲೇ."

ಅಣ್ಣ ಎದ್ದ. ಸೀಟುಗಳ ನಡುವಿನ ಸಂದಿಯಿಂದ ತೂರಿಕೊಂಡು ಹಿಂದೆ ಬಂದು ಮೇಜಿನ ಪಕ್ಕ ನೆಲದ ಮೇಲೆ ಕೂತ. ಅತ್ತಿಗೆ ಅವನ ಜಾಗಕ್ಕೆ ಸರಿದರು. ಆ ಹೊತ್ತಿಗೆ ಆನೆ ರಸ್ತೆಯ ಎಡಕ್ಕೆ ಸುತ್ತಿ ಮತ್ತೆ ಬಂತು. ಈ ಸಲ ನಿಲ್ಲಲಿಲ್ಲ. ಎಡಗಡೆಯ ಕನ್ನಡಿ ಕಿತ್ತುಹೋಯಿತು, ಬಾಗಿಲು ತಗಡಿನ ಡಬ್ಬಿಯ ಹಾಗೆ ಒಳಕ್ಕೆ ಬಗ್ಗಿತು. ಅತ್ತಿಗೆ ಆಗಷ್ಟೇ ಬಿಟ್ಟು ಎದ್ದಿದ್ದ ಸೀಟಿನ ಮೇಲೆ ಗಾಜಿನ ಚೂರು ಬಿದ್ದವು. ಇಡೀ ಗಾಡಿ ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗಾಯಿತು. ಅವ್ವ ಪುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಾಸಿಗೆಯ ಮೂಲೆಗೆ ಒತ್ತಿಕೊಂಡಿದ್ದಳು. ಪುಟ್ಟಿ ಅಳತೊಡಗಿದಳು.

"ಕಣ್ಣಾ, ಅಮ್ಮ ಇಲ್ಲೇ ಇದೀನಿ. ಅಜ್ಜಿನ ಗಟ್ಟಿಯಾಗಿ ಹಿಡ್ಕೋ" ಎಂದು ಹಿಂದಕ್ಕೆ ನೋಡದೆಯೇ ಹೇಳಿದರು ಅತ್ತಿಗೆ. ನನಗೆ ಹೇಳಿದರು, "ನೀನು ಹಿಂದಿನ ಗಾಜಿನ ಹತ್ರ ನಿಂತ್ಕೋ. ಎಡಗಡೆ ನಂಗೇನೂ ಕಾಣ್ತಿಲ್ಲ. ಮೋರಿ ಬಂದ್ರೆ ಹೇಳು. ಕೂಗ್ಬೇಡ, ಮೆತ್ತಗೆ ಹೇಳು."

ಇಂಜಿನ್ ಶುರುವಾಯಿತು. ಗಾಡಿ ಹಿಂದಕ್ಕೆ ಹೊರಟಿತು, ನಿಧಾನವಾಗಿ, ಒಂದು ಸಲವೂ ಕುಲುಕದೆ. ಆನೆ ನಮ್ಮ ಮುಂದೆಯೇ ಹೆಜ್ಜೆ ಹಾಕುತ್ತಾ ಬರುತ್ತಿತ್ತು. ಹಿಂದೆ ಬೇಗ ಹೋಗಬೇಕು ಎಂದು ನನ್ನ ಜೀವವೆಲ್ಲ ಕೂಗುತ್ತಿತ್ತು, ಅತ್ತಿಗೆ ಮಾತ್ರ ಅವಸರ ಮಾಡಲಿಲ್ಲ. ತಿರುವಿನಲ್ಲಿ ಎಡಕ್ಕೆ ಕಟ್ಟೆಯಿಲ್ಲದ ಮೋರಿ. "ಅತ್ತಿಗೆ, ಮೋರಿ ಬಂತು... ಸ್ವಲ್ಪ ಬಲಕ್ಕೆ... ಇನ್ನೂ ಸ್ವಲ್ಪ..." ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ. ಅವರಿಗೆ ಕೇಳಿಸುತ್ತಿತ್ತು. ಚಕ್ರ ಮೋರಿಯ ಅಂಚಿನ ಜಲ್ಲಿ ಉರುಳಿಸಿ ದಾಟಿತು.

ತಿರುವು ಮುಗಿದ ಮೇಲೆ ಆನೆ ನಿಂತಿತು. ಬಹಳ ಹೊತ್ತು ನಮ್ಮನ್ನೇ ನೋಡಿತು. ಆಮೇಲೆ ಹಿಂದಿರುಗಿ ಮರಿಯ ಕಡೆ ನಡೆಯಿತು. ಅತ್ತಿಗೆ ಇನ್ನೂ ಸ್ವಲ್ಪ ದೂರ ಹಿಂದಕ್ಕೆ ತೆಗೆದುಕೊಂಡು ಹೋಗಿ ಗಾಡಿ ನಿಲ್ಲಿಸಿದರು. ಕೈ ಸ್ಟೀರಿಂಗಿನ ಮೇಲೆಯೇ ಇತ್ತು. ಬೆರಳುಗಳು ಬಿಳಿಚಿಕೊಂಡಿದ್ದವು.

ಸ್ವಲ್ಪ ಹೊತ್ತಿನಲ್ಲೇ ಅರಣ್ಯ ಇಲಾಖೆಯ ಜೀಪು ಬಂತು. ಇಳಿದ ಗಾರ್ಡು ಬಾಗಿಲು ನೋಡಿದರು, ನಮ್ಮೆಲ್ಲರ ಮುಖ ನೋಡಿದರು. "ಹಾರ್ನ್ ಸದ್ದು ಅಲ್ಲಿಗೇ ಕೇಳಿಸ್ತು. ಹೊಡೆದಿದ್ದು ಯಾರ್ರೀ? ಮಗು ಕೂರ್ಸ್ಕೊಂಡು ಆನೆ ಮುಂದೆ ಹಾರ್ನ್ ಹೊಡೀತೀರಾ?"

ಅಣ್ಣ ತಲೆ ತಗ್ಗಿಸಿಕೊಂಡು ನಿಂತಿದ್ದ. ಪುಟ್ಟಿ ಅವನ ಪ್ಯಾಂಟು ಹಿಡಿದು ನಿಂತಿದ್ದಳು.

"ನಾನು ಸರ್" ಎಂದರು ಅತ್ತಿಗೆ.

ಗಾರ್ಡು ಬೈದರು. ಕಾಡು ನಿಮ್ಮ ಬೆಂಗಳೂರಿನ ಸಿಗ್ನಲ್ಲಾ ಎಂದರು. ಓಡಿಸಲು ಬಾರದವರು ಯಾಕೆ ಇಂಥ ಗಾಡಿ ತರುತ್ತೀರಿ ಎಂದರು. ಅತ್ತಿಗೆ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಮಧ್ಯೆ ಒಂದು ಸಲ, ಒಂದೇ ಸಲ, ಅಣ್ಣನ ಕಡೆ ನೋಡಿದರು. ಅಣ್ಣ ಬಾಯಿ ತೆರೆಯಲಿಲ್ಲ. ಅವ್ವ ಇಬ್ಬರನ್ನೂ ನೋಡುತ್ತಿದ್ದಳು.

ಊಟಿಗೆ ಹೋಗಲಿಲ್ಲ, ಅತ್ತಿಗೆಯೇ ಗಾಡಿಯನ್ನು ವಾಪಸ್ ತಿರುಗಿಸಿದರು. ಚೆಕ್‌ಪೋಸ್ಟ್ ದಾಟಿದ ಮೇಲೆ ಅಣ್ಣ "ಕೀ ಕೊಡು" ಎಂದು ಕೈ ಚಾಚಿದ. ಅತ್ತಿಗೆ ಕೊಟ್ಟು, ಹಿಂದೆ ಬಂದು ಪುಟ್ಟಿಯನ್ನು ತಬ್ಬಿಕೊಂಡು ಮಲಗಿದರು. ಬೆಂಗಳೂರು ಬರುವವರೆಗೂ ಅವರು ಕಣ್ಣು ಮುಚ್ಚಲಿಲ್ಲ.

ಆ ಭಾನುವಾರ ಚಿಕ್ಕಮ್ಮ, ಚಿಕ್ಕಪ್ಪ ವಿಷಯ ತಿಳಿದು ನೋಡಲು ಬಂದರು. ಅಣ್ಣ ಸೋಫಾದ ಅಂಚಿಗೆ ಸರಿದು ಹೇಳತೊಡಗಿದ. ಆನೆ ಹೇಗೆ ಬಂತು, ಕನ್ನಡಿ ಹೇಗೆ ಹೋಯಿತು... "ನಾನು ಹೆದರ್ಲಿಲ್ಲ ಚಿಕ್ಕಪ್ಪ, ಹಂಗೇ ರಿವರ್ಸ್ ತಗೊಂಡೆ. ಒಂದು ಕಡೆ ಮೋರಿ ಬೇರೆ."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಮಾತಾಡಿದಳು.

"ಗಾಡಿ ಹಿಂದ ತಗದಾಕಿ ಆಕಿ. ನೀ ನೆಲದ ಮ್ಯಾಲೆ ಕುಂತಿದ್ದಿ."

ಅಣ್ಣ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಚಿಕ್ಕಪ್ಪ ಚಹಾ ಕುಡಿಯುವ ನೆಪದಲ್ಲಿ ಲೋಟದೊಳಗೆ ನೋಡಿದರು. ಅತ್ತಿಗೆ ಅವ್ವನ ಮುಂದೆ ತಟ್ಟೆಯಿಟ್ಟು ಕೂತರು. ಅತ್ತುಬಿಡುತ್ತಾರೆ ಎಂದುಕೊಂಡೆ. ಅಳಲಿಲ್ಲ. "ಅತ್ತೆ, ನಾನು ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ" ಎಂದರು. ಅವ್ವ "ಹೋಗವ್ವ" ಎಂದಳು.

ಕೆಲಸದಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ. ಆಗಲಿಲ್ಲ. ಮುಂದಿನ ಬೇಸಿಗೆಗೆ ಅತ್ತಿಗೆ ಪುಟ್ಟಿಯನ್ನು ಕರೆದುಕೊಂಡು ರಿಚರ್ಡ್ಸ್ ಟೌನಿನ ತವರಿಗೆ ಹೊರಟುಹೋದರು. ಹೋಗುವ ದಿನ ಅವ್ವ ತಾನೇ ಕೂತು ಪುಟ್ಟಿಯ ಬಟ್ಟೆ ಮಡಚಿಕೊಟ್ಟಳು. ಆಮೇಲೂ ಅವ್ವ ರೊಟ್ಟಿ ಬಡಿದು, ಎಣಗಾಯಿ ಪಲ್ಯ ಕಟ್ಟಿಕೊಂಡು ನನ್ನ ಜೊತೆ ಅಲ್ಲಿಗೆ ಹೋಗುತ್ತಿದ್ದಳು. ಅಣ್ಣ ಕೇಳುತ್ತಿರಲಿಲ್ಲ, ನಾವು ಹೇಳುತ್ತಿರಲಿಲ್ಲ.

ಅಂಥ ಒಂದು ಸಂಜೆ ಅವರ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತಿಗೆಯನ್ನು ಕೇಳಿಬಿಟ್ಟೆ. "ಅವತ್ತು ಗಾರ್ಡ್ ಹತ್ರ 'ನಾನು' ಅಂತ ಯಾಕೆ ಹೇಳಿದ್ರಿ?"

"ಪುಟ್ಟಿ ಮುಂದೆ ಅವಳಪ್ಪ ಬೈಸ್ಕೊಳ್ಳೋದು ಬೇಡ ಅನ್ನಿಸ್ತು" ಎಂದರು. ಬೀದಿಯಲ್ಲಿ ಹೋಗುತ್ತಿದ್ದ ಗಾಡಿಯೊಂದನ್ನು ಮರೆಯಾಗುವವರೆಗೆ ನೋಡಿದರು. "'ಇಲ್ಲ ಸರ್, ಅವಳಲ್ಲ, ನಾನು' ಅಂತ ನಿಮ್ಮಣ್ಣ ಹೇಳ್ತಾನೆ ಅಂದ್ಕೊಂಡೆ. ಕಾಯ್ತಾ ಇದ್ದೆ ಕಣೇ. ಬೆಂಗಳೂರು ಬರೋವರ್ಗೂ ಕಾಯ್ತಾ ಇದ್ದೆ."

ಅವರ ತಂದೆ ಹೋದ ಮೇಲೆ ಅತ್ತಿಗೆ ಕೊಯಮತ್ತೂರಿನ ಅಕ್ಕನ ಮನೆಯ ಹತ್ತಿರ ಹೋಗಿ ನೆಲೆಸಿದರು. ಅವ್ವ ತೀರಿಕೊಂಡಾಗ ಬಂದಿದ್ದರು. ಪುಟ್ಟಿ ಆಗಲೇ ತಾಯಿಯಷ್ಟು ಎತ್ತರ. ಅತ್ತಿಗೆ ನೆಂಟರ ನಡುವೆ ಯಾರನ್ನೂ ಮಾತಾಡಿಸದೆ ಬಂದು, ಅವ್ವನ ಕಾಲ ಬಳಿ ಕೂತು, ಹೊದಿಸಿದ್ದ ಸೀರೆಯ ಅಂಚನ್ನು ಸರಿಮಾಡಿದರು. ನನ್ನ ಆಫೀಸಿನ ಗೆಳತಿ ಮೆಲ್ಲಗೆ "ಅವ್ರು ಯಾರೇ?" ಎಂದು ಕೇಳಿದಳು. "ನಮ್ಮ ಅತ್ತಿಗೆ" ಎಂದೆ. ಅಣ್ಣ ಪಕ್ಕದಲ್ಲೇ ಇದ್ದ. ಕೇಳಿಸಿಕೊಂಡ.

ಎಲ್ಲರೂ ಹೋದ ಮೇಲೆ ಅವನು ನನ್ನ ಹತ್ತಿರ ಬಂದು ಕೂತ. "ನನ್ನ ಕಾಲು ನಡುಗ್ತಿತ್ತು ಕಣೇ ಅವತ್ತು. ಕ್ಲಚ್ ಒತ್ತೋಕೇ ಆಗ್ಲಿಲ್ಲ. ಅವಳು ಅದನ್ನ ನೋಡ್ಬಿಟ್ಳು" ಎಂದ. ಅಷ್ಟು ವರ್ಷಗಳ ಮೇಲೆ. ಆ ಹೊತ್ತಿಗೆ ಅತ್ತಿಗೆ ಹತ್ತಿದ ರೈಲು ಬೆಂಗಳೂರು ಬಿಟ್ಟಾಗಿತ್ತು.

ಪುಟ್ಟಿ ಈಗಲೂ ಹಬ್ಬಕ್ಕೆ ಮೆಸೇಜು ಕಳಿಸುತ್ತಾಳೆ. ಅತ್ತಿಗೆಯ ಜೊತೆ ಮಾತು ಮಾತ್ರ ಕಡಿಮೆಯಾಗುತ್ತಾ ಬಂತು. ಫೋನು ಮಾಡಿದರೆ ಇಬ್ಬರಿಗೂ ಅವ್ವನ ನೆನಪಾಗಿ ಮಾತು ನಿಲ್ಲುತ್ತದೆ. ಹಾಗೆ ನಿಂತು ನಿಂತು ಒಂದು ದಿನ ನಾನು ಮಾಡುವುದನ್ನು ಬಿಟ್ಟೆ, ಅವರೂ ಮಾಡಲಿಲ್ಲ...

ವಿಚ್ಛೇದನವಾಗಿ ಅಣ್ಣ ಮತ್ತೆ ಮದುವೆಯಾಗಿದ್ದಾನೆ. ಬಂದವರು ಒಳ್ಳೆಯವರು, ಸಿಡುಕಿಲ್ಲದವರು. ಅಣ್ಣನೂ ಈಗ "ನಿಂಗೆ ಗೊತ್ತಾಗಲ್ಲ" ಎನ್ನುವುದಿಲ್ಲ. ಭಾನುವಾರ ಅವರ ಮನೆಗೆ ಊಟಕ್ಕೆ ಹೋದಾಗ ನಾನು ಬಾಗಿಲಲ್ಲೇ "ಅತ್ತಿಗೆ" ಎಂದು ಕರೆಯುತ್ತೇನೆ. ಅವರು ಒಲೆಯ ಮುಂದಿನಿಂದ ನಗುತ್ತಾ ತಿರುಗುತ್ತಾರೆ. ನಾನು ಕಾದದ್ದು ಬೇರೆ ಮುಖಕ್ಕೆ ಎಂಬುದು ಅವರಿಗೆ ಕಾಣದಿರಲಿ ಎಂದು, ಚಪ್ಪಲಿ ಬಿಡಲು ಬಗ್ಗುತ್ತೇನೆ.