ನನ್ನ ಬೈಗುಳ ಹೇಳಿದ ಬಾಯಿ

ಅವಳ ಬಲಗೈ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಚಿಕ್ಕಂದಿನಲ್ಲಿ ತೆಂಗಿನಕಾಯಿ ಸುಲಿಯುವಾಗ ಮಚ್ಚಿಗೆ ಹೋದದ್ದಂತೆ. ಆ ಮೊಂಡು ಬೆರಳಲ್ಲೇ ಬಂದವರಿಗೆಲ್ಲ ದಾರಿ ತೋರಿಸುತ್ತಿದ್ದಳು. ಯಾವ ಕಡೆ ಅಂತ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಕೊಲಂಬೊದಲ್ಲಿ ನಾನು ಇಳಿದುಕೊಂಡಿದ್ದ ಲಾಡ್ಜಿನ ಒಡತಿ ಅವಳು. ನಾನು ಲಾಡ್ಜಿನಮ್ಮ ಅನ್ನುತ್ತಿದ್ದೆ. ಅವಳು ನನ್ನನ್ನು ನಂಗಿ ಅನ್ನುತ್ತಿದ್ದಳು. ಸಿಂಹಳದಲ್ಲಿ ನಂಗಿ ಅಂದರೆ ತಂಗಿ.

ನಾನು ಆ ಊರಿಗೆ ಸಮುದ್ರ ನೋಡಲು ಹೋದವಳಲ್ಲ. ತಮ್ಮನನ್ನು ಬೈಯಲು ಹೋದವಳು.

ನಮ್ಮದು ಕೆ.ಆರ್. ಪುರದ ಆಚೆಯ ಹಳ್ಳಿ. ಈಗ ಹಳ್ಳಿ ಇಲ್ಲ, ಅಪಾರ್ಟ್‌ಮೆಂಟುಗಳ ನಡುವೆ ನಮ್ಮ ಒಂದು ಬೀದಿ ಉಳಿದಿದೆ. ಅಪ್ಪನ ಕಾಲದಲ್ಲಿ ನಮ್ಮ ಕೇರಿಯ ಒಂದಷ್ಟು ಮನೆಯವರು ಬೌದ್ಧರಾದರು. ಆಗ ಬಂದುಹೋಗುತ್ತಿದ್ದ ಭಿಕ್ಷುಗಳ ಹಿಂದೆ ನನ್ನ ತಮ್ಮ ಹದಿಮೂರನೇ ವಯಸ್ಸಿಗೆ ಓದಲು ಹೋದ. ತಲೆ ಬೋಳಿಸಿಕೊಂಡ, ಲಂಕೆಗೆ ಹೋದ, ಅಲ್ಲೇ ಭಿಕ್ಷುವಾಗಿ ಉಳಿದ. ಅಪರೂಪಕ್ಕೆ ಫೋನು ಮಾಡುತ್ತಿದ್ದ. "ಚೆನ್ನಾಗಿದ್ದೀರಾ" ಅಂದ ಮೇಲೆ ಅವನಿಗೆ ಕನ್ನಡದ ಮಾತೇ ಸಿಗುತ್ತಿರಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಸುದ್ದಿ ಮುಟ್ಟಿಸಿದೆವು. ಅಮ್ಮ ಇಪ್ಪತ್ತು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಅವನು ಬರಲಿಲ್ಲ. ಮಣ್ಣಿಗೂ ಬರಲಿಲ್ಲ. ಫೋನಿನಲ್ಲಿ ಬೈದರೆ ಇಟ್ಟುಬಿಡುತ್ತಾನೆ. ಇವನನ್ನು ಎದುರಿಗೆ ಕೂರಿಸಿಕೊಂಡು ಕೇಳದೆ ಸಾಯಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಹೊರಡಲು ಮೂರು ವರ್ಷ ಹಿಡಿಯಿತು. ಇಂದಿರಾನಗರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಕೆಲಸ ನನ್ನದು. ಜೊತೆಯ ಹೆಂಗಸರು ನಕ್ಕರು. "ಒಬ್ಳೇ ಹೋಗ್ತೀಯಾ? ಇಂಗ್ಲಿಷ್ ಬರುತ್ತಾ ನಿಂಗೆ?"

"ಬೈಯಕ್ಕೆ ಇಂಗ್ಲಿಷ್ ಯಾಕೆ?" ಅಂದೆ.

ಶಿವಾಜಿನಗರದ ಬಟ್ಟೆ ವ್ಯಾಪಾರಿಯೊಬ್ಬರು ಸರಕು ತರಲು ಕೊಲಂಬೊಗೆ ಹೋಗಿಬರುತ್ತಿದ್ದರು. ಅವರೇ ಲಾಡ್ಜಿನ ವಿಳಾಸ ಬರೆದುಕೊಟ್ಟು, "ಡರೋ ನಕ್ಕೋ ಅಮ್ಮಾ, ಹೆದರ್ಬೇಡಿ, ಅಲ್ಲಿ ತಮಿಳ್ ನಡೆಯುತ್ತೆ" ಅಂದರು. ಹಲಸೂರಿನಲ್ಲಿ ಹತ್ತು ವರ್ಷ ಮನೆಗೆಲಸ ಮಾಡಿದವಳಿಗೆ ತಮಿಳಿಗೇನು ಬರ ಅಂದುಕೊಂಡು ವಿಮಾನ ಹತ್ತಿದೆ.

ಇಳಿದ ದಿನ ಆ ಊರಿನ ಮೇಲೆ ಸಿಟ್ಟೇ ಬಂತು. ದಾರಿ ಕೇಳೋಣ ಅಂತ ಒಂದು ಅಂಗಡಿ ಮುಂದೆ ನಿಂತರೆ ಅಂಗಡಿಯವನು "ಎನ್ನ, ಎನ್ನ" ಅಂದ. ತಮಿಳಿನಲ್ಲಿ ಎನ್ನ ಅಂದರೆ ಏನು. ಟೀ ಅಂಗಡಿಯವಳೂ ಎನ್ನ, ಹಣ್ಣಿನವನೂ ಎನ್ನ. ನನ್ನಂಥ ಮುದುಕಿ ಸುಸ್ತಾಗಿ ನಿಂತರೆ ಏನು ಏನು ಅಂತ ಗದರುತ್ತಾರಲ್ಲ, ಎಂಥ ಜನ ಅಂತ ಬೈದುಕೊಂಡು ಲಾಡ್ಜು ಮುಟ್ಟಿದೆ. ಬಾಗಿಲಲ್ಲಿ ನಿಂತಿದ್ದ ಇವಳೂ ಅದನ್ನೇ ಶುರು ಮಾಡಿದಳು.

"ಎನ್ನ, ಎನ್ನ!"

"ಏನಿಲ್ಲಮ್ಮ, ರೂಮ್ ಬೇಕು" ಅಂದೆ ತಮಿಳಿನಲ್ಲಿ.

"ಎನ್ನ, ಎನ್ನ!"

"ಕಿವಿ ಕೇಳಲ್ವೇನೆ? ರೂಮು!"

ಅವಳು ಬಾಗಿಲು ಹಿಡಿದುಕೊಂಡು ನಕ್ಕಳು. ಆಮೇಲೆ ಸ್ವಚ್ಛ ತಮಿಳಿನಲ್ಲಿ, "ನಮ್ಮಲ್ಲಿ ಎನ್ನ ಅಂದ್ರೆ ಬಾ ಅಂತ ಕಣೇ. ಒಳಗ್ ಬಾ ಅಂದ್ರೆ ಬಾಗ್ಲಲ್ಲೇ ಜಗಳಕ್ಕೆ ನಿಂತ್ಯಲ್ಲ" ಅಂದಳು. ಬೆಳಗಿನಿಂದ ಬಾ ಬಾ ಅಂತ ಕರೆದವರನ್ನೆಲ್ಲ ನಾನು ಬೈದುಕೊಂಡೇ ಬಂದಿದ್ದೆ. ಮುಂದೆ ನಮ್ಮಿಬ್ಬರ ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಇಲ್ಲಿ ನನ್ನ ಮಾತಿಗೆ ತಿರುಗಿಸಿ ಬರೆದಿದ್ದೇನೆ.

ಬಾಯಿಬಡಕಿ ಅವಳು. ಬೆಳಗ್ಗೆ ಪೊರಕೆ ಹಿಡಿದಾಗ ಶುರುವಾದ ಮಾತು ದೀಪ ಹಚ್ಚಿದರೂ ನಿಲ್ಲುತ್ತಿರಲಿಲ್ಲ. ಲಾಡ್ಜಿನ ಹಿಂದೆ ರೈಲು ಹಳಿ, ಹಳಿಯ ಆಚೆ ಸಮುದ್ರ. ರೈಲು ಬಂದರೆ ಏನೂ ಕೇಳುತ್ತಿರಲಿಲ್ಲ. ಅವಳು ಮಾತನ್ನು ಅಲ್ಲೇ ನಿಲ್ಲಿಸಿ, ರೈಲು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದಳು. ಟೀಗೆ ಸಕ್ಕರೆ ಹಾಕದೆ ಒಂದು ಚೂರು ಬೆಲ್ಲವನ್ನು ಅಂಗೈಗೆ ಇಡುತ್ತಿದ್ದಳು. ಕಚ್ಚಿಕೊಂಡು ಕುಡಿಯಬೇಕು. ಸಮುದ್ರ ಚೆನ್ನಾಗಿದೆ ಅಂತ ನಾನು ಒಮ್ಮೆ ಅಂದದ್ದಕ್ಕೆ, "ಏನ್ ಚೆನ್ನ? ಬಟ್ಟೆ ಒಣಗಲ್ಲ, ಬೀಗ ತುಕ್ಕು ಹಿಡಿಯುತ್ತೆ, ಬಂದೋರೆಲ್ಲ ಮರಳು ತಂದು ನನ್ ನೆಲಕ್ಕೆ ಸುರೀತಾರೆ" ಅಂದಳು. ಅವತ್ತಿನಿಂದ ಅವಳು ನನಗೆ ಹಿಡಿಸಿದಳು.

ತಮ್ಮನನ್ನು ನೋಡಲು ಬಂದೆ ಅಂತ ಮಾತ್ರ ಹೇಳಿದ್ದೆ. ತಮ್ಮ ಭಿಕ್ಷು ಅಂತ ತಿಳಿದಾಗ ಪೊರಕೆ ಕೆಳಗೆ ಹಾಕಿದಳು. "ಹಾಮುದುರುಗಳ ಅಕ್ಕನಾ ನೀನು!" ಭಿಕ್ಷುಗಳನ್ನು ಅವರು ಹಾಮುದುರು ಅನ್ನುತ್ತಾರೆ. ಅವತ್ತಿನಿಂದ ನನ್ನ ಟೀಗೆ ಬೇರೆ ಕಪ್ಪು, ಹೂವಿನ ಚಿತ್ರ ಇದ್ದದ್ದು. ತಾನೇ ಕರೆದುಕೊಂಡು ಹೋಗುತ್ತೇನೆ ಅಂದಳು. ಬಿಳಿ ಸೀರೆ ಉಟ್ಟುಕೋ ಅಂತ ತಂದುಕೊಟ್ಟಳು. ನಮ್ಮಲ್ಲೂ ಬುದ್ಧಪೂರ್ಣಿಮೆಗೆ ಬಿಳಿ ಉಡುತ್ತಾರೆ. ನಾನು ಪೂಜೆಗೆ ಹೊರಟವಳಲ್ಲವಲ್ಲ, ನನ್ನ ಗಿಣಿಹಸಿರು ಸೀರೆಯಲ್ಲೇ ಹೊರಟೆ.

ಬಸ್ಸು ಹತ್ತಿದವಳು ಮುಂದಿನ ಸೀಟಿನಲ್ಲಿ ಕೂತೆ. ಬೆಂಗಳೂರಿನ ಬಸ್ಸಿನಲ್ಲಿ ಮುಂದಿನ ಸೀಟು ಹೆಂಗಸರದು. ಕಂಡಕ್ಟರ್ ಕೂಗಿದ. ಜನ ತಿರುಗಿ ನೋಡಿದರು. ಲಾಡ್ಜಿನಮ್ಮ ನನ್ನ ತೋಳು ಹಿಡಿದು ಎಳೆದೇ ಎಬ್ಬಿಸಿದಳು.

"ಅದು ಹಾಮುದುರುಗಳ ಸೀಟು, ಏಳೇ!"

"ಈಗ ಯಾರೂ ಇಲ್ವಲ್ಲ."

"ಇಲ್ದಿದ್ರೂ ಅವರದೇ."

ನನ್ನನ್ನು ಹಿಂದೆ ಕೂರಿಸಿ, ಆ ಖಾಲಿ ಸೀಟಿಗೆ ಕೈಮುಗಿದು ಬಂದಳು. ಅವರಲ್ಲಿ ಭಿಕ್ಷು ಅಂದರೆ ಎಷ್ಟು ಭಯಭಕ್ತಿ ಅಂತ ನನಗೆ ಆಗ ತಿಳಿಯಿತು.

ವಿಹಾರ ಊರಿನ ಅಂಚಿನಲ್ಲಿತ್ತು. ತಮ್ಮ ಬಂದು ಎತ್ತರದ ಕುರ್ಚಿಯಲ್ಲಿ ಕೂತ. ಹುಬ್ಬು ಕೂಡ ನೆರೆತಿತ್ತು. ಕಿವಿ ಮಾತ್ರ ಅಪ್ಪನದೇ. ಲಾಡ್ಜಿನಮ್ಮ ಮಂಡಿಯೂರಿ ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿ, ನನ್ನ ಸೆರಗು ಜಗ್ಗಿದಳು. ನಾನು ಬಗ್ಗಲಿಲ್ಲ. ಅವನ ಕುಂಡೆ ತೊಳೆದವಳು ನಾನು.

ಮೂರು ವರ್ಷ ಕಟ್ಟಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಬಿಚ್ಚಿದೆ. ಅವನು ಸಿಂಹಳದಲ್ಲಿ ಲಾಡ್ಜಿನಮ್ಮನಿಗೆ ಏನೋ ಅಂದ.

"ಅವರಿಗೆ ಅರ್ಥ ಆಗ್ತಿಲ್ವಂತೆ. ಅಷ್ಟು ಬೇಗ ಹೇಳಿದ್ರೆ ತಿಳಿಯಲ್ವಂತೆ" ಅಂದಳು.

ಸಮುದ್ರ ದಾಟಿ ಬೈಯಲು ಬಂದರೆ ಬೈಸಿಕೊಳ್ಳಬೇಕಾದವನಿಗೆ ಭಾಷೆಯೇ ಮರೆತಿದೆ. ಲಾಡ್ಜಿನಮ್ಮ ಒಂದು ಗಳಿಗೆ ನನ್ನ ಮುಖ ನೋಡಿ, "ನಂಗೆ ತಮಿಳಲ್ಲಿ ಹೇಳು, ನಾನು ಹೇಳ್ತೀನಿ" ಅಂದಳು. ಏನು ಹೇಳಬೇಕಾಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ನಾನು ಹೇಳಿದೆ. "ಲೋಕಕ್ಕೆಲ್ಲ ಕರುಣೆ ಬೋಧಿಸ್ತೀಯ, ಹೆತ್ತವಳ ಬಾಯಿಗೆ ಒಂದ್ ಹನಿ ನೀರು ಬಿಡಕ್ಕಾಗ್ಲಿಲ್ವಾ? ಕಲ್ಲಿಗೆ ದಿನಾ ಹೂವಿಡ್ತೀಯ, ಅಮ್ಮನ ಗುಂಡಿಗೆ ಒಂದ್ ಹಿಡಿ ಮಣ್ಣು ಹಾಕಕ್ಕೆ ಕೈ ಬರ್ಲಿಲ್ವಾ? ಆ ಬಟ್ಟೆ ಉಟ್ಕೊಂಡು ನೀನು ಮಾಡಿರೋದು ಕಳ್ಳತನ."

ಅವಳು ನನ್ನ ಕಡೆ ತಿರುಗಿದಳು. "ಇದನ್ನ ನಾನ್ ಹೇಳ್ಬೇಕಾ?"

"ಹೇಳು."

"ಪೂರ್ತಿನಾ?"

"ಪೂರ್ತಿ."

"ಬುದ್ಧನ್ನ ಕಲ್ಲು ಅಂದಿದ್ದೂ?"

"ಅದನ್ನೇ ಮೊದ್ಲು ಹೇಳು."

ಖಾಲಿ ಸೀಟಿಗೆ ಕೈಮುಗಿದ ಹೆಂಗಸು ಅವಳು. ಮತ್ತೆ ಮಂಡಿಯೂರಿದಳು, ಹಣೆಯ ಹತ್ತಿರ ಕೈ ಮುಗಿದಳು, ಕಣ್ಣು ನೆಲದಲ್ಲಿಟ್ಟು ಹೇಳುತ್ತಾ ಹೋದಳು. ಪ್ರತಿ ಮಾತಿನ ಮೊದಲಿಗೂ ಕೊನೆಗೂ "ಹಾಮುದುರುವನೇ", ಅಂದರೆ ಸ್ವಾಮಿ. ನಡುವೆ ನನ್ನ ಬೈಗುಳ. ಒಂದನ್ನೂ ಬಿಟ್ಟಿಲ್ಲ ಅಂತ ತಮ್ಮನ ಮುಖ ನೋಡಿಯೇ ನನಗೆ ತಿಳಿಯಿತು.

ಅವನು ಏನೋ ಅಂದ. ಅವಳು ನನ್ನ ಕಡೆ ತಿರುಗಿ, "ಅದು ಮಳೆಗಾಲದ ವ್ರತದ ಕಾಲವಂತೆ. ಮೂರು ತಿಂಗಳು ಭಿಕ್ಷು ವಿಹಾರ ಬಿಟ್ಟು..." ಅನ್ನುತ್ತಿದ್ದವಳು ಅಲ್ಲೇ ನಿಂತಳು. ನನಗೆ ಹೇಳುವುದನ್ನು ಬಿಟ್ಟು ಅವನ ಕಡೆಗೇ ತಿರುಗಿದಳು. ನಾನು ಹೇಳಿಕೊಡದ ಮಾತೊಂದನ್ನು ಕೇಳಿದಳು. ಏನು ಕೇಳಿದಳು ಅಂತ ಆಮೇಲೆ ಹೇಳಿದಳು: ತಾಯಿಯೋ ತಂದೆಯೋ ಕಾಯಿಲೆ ಬಿದ್ದರೆ ವ್ರತದ ನಡುವೆಯೂ ಏಳು ದಿನ ಹೋಗಿಬರಬಹುದು ಅಂತ ಪ್ರವಚನದಲ್ಲಿ ಕೇಳಿದ್ದೇನೆ, ನಾನು ಕೇಳಿದ್ದು ತಪ್ಪಾ ಸ್ವಾಮಿ?

ತಮ್ಮ ನನ್ನನ್ನು ನೋಡಿದ. ಹದಿಮೂರನೇ ವಯಸ್ಸಿಗೆ ಬಿಟ್ಟುಹೋದ ಕನ್ನಡದಲ್ಲೇ ಹೇಳಿದ.

"ತಪ್ಪಲ್ಲ. ಭಯ ಆಯ್ತು ಅಕ್ಕ. ಬಂದಿದ್ರೆ ಇಲ್ಲಿಗೆ ವಾಪಸ್ ಬರ್ತಿರ್ಲಿಲ್ಲ."

ಇನ್ನೂ ಬೈಯುವುದಿತ್ತು ನನ್ನ ಹತ್ತಿರ. ಬೈಯಲಿಲ್ಲ. ನಾನು ಕೇಳಲು ಬಂದದ್ದಕ್ಕೆ ಉತ್ತರ ಸಿಕ್ಕಿತ್ತು. ಸರಿಯಾಗಿ ಊಟ ಮಾಡ್ತೀಯಾ ಅಂತ ಕೇಳಿದೆ. "ಹನ್ನೆರಡರೊಳಗೆ" ಅಂದ. ಮಧ್ಯಾಹ್ನ ದಾಟಿದರೆ ಭಿಕ್ಷುಗಳು ಉಣ್ಣುವುದಿಲ್ಲ. ಎದ್ದೆವು. ಲಾಡ್ಜಿನಮ್ಮ ಮೂರು ಸಲ ಹಣೆ ಮುಟ್ಟಿಸಿದಳು. ಮತ್ತೆ ಇನ್ನೂ ಮೂರು ಸಲ. ಅದು ನನ್ನ ಪಾಲಿನದಿರಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಲಾಡ್ಜು ಸೇರಿದ ಮೇಲೆ ಏನಾಯ್ತೇ ಅಂತ ಕೇಳಿದೆ.

"ಹಾಮುದುರುಗಳನ್ನ ಬೈದ ಬಾಯಿ ಇದು. ಮುಂದಿನ ಜನ್ಮಕ್ಕೆ ಮೂಗಿ ಆಗಿ ಹುಟ್ತೀನೋ ಏನೋ."

"ಹಂಗಿದ್ರೆ ಯಾಕ್ ಹೇಳ್ದೆ?"

"ಹೇಳ್ದೆ ಇದ್ದಿದ್ರೆ ನೀನು ಅಷ್ಟನ್ನೂ ಹೊತ್ಕೊಂಡು ವಾಪಸ್ ಹೋಗ್ಬೇಕಿತ್ತಲ್ಲ" ಅಂದಳು. ಅಂದವಳೇ ಅಡುಗೆಮನೆಗೆ ಹೋಗಿ ಬೇಳೆ ತೊಳೆಯತೊಡಗಿದಳು. ನಾನು ಅದನ್ನು ಅಲ್ಲಿಗೇ ಬಿಟ್ಟೆ. ಎರಡು ದಿನದ ಮೇಲೆ ಊರಿಗೆ ಬಂದೆ.

ಆಮೇಲೆ ನಾಲ್ಕು ವರ್ಷ ಫೋನಿನಲ್ಲಿ ಮಾತಾಡಿದೆವು. ನನ್ನ ಮಂಡಿ, ಅವಳ ಶುಗರ್ರು, ಅಲ್ಲಿ ಅಕ್ಕಿ ಸಿಗದೆ ಜನ ಕ್ಯೂ ನಿಂತದ್ದು, ಇಲ್ಲಿ ಮಹದೇವಪುರದಲ್ಲಿ ನೀರು ತುಂಬಿ ಕಾರು ತೇಲಿದ್ದು. ಹುಣ್ಣಿಮೆ ದಿನ ಮಾಡಿದರೆ ಮಾತ್ರ ಎತ್ತುತ್ತಿರಲಿಲ್ಲ. ವಿಹಾರಕ್ಕೆ ಹೋಗಿರಬೇಕು ಅಂದುಕೊಳ್ಳುತ್ತಿದ್ದೆ.

ಹೋದ ವರ್ಷ ಅವಳ ಮಗಳು ಫೋನು ಮಾಡಿದಳು. ನಾನು ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಶುಗರ್ ಜಾಸ್ತಿಯಾಗಿ ಕಿಡ್ನಿ ಹೋಗಿತ್ತಂತೆ, ಹಿಂದಿನ ದಿನ ತೀರಿಕೊಂಡಳಂತೆ. ಮಗಳು ಅಳುತ್ತಾ ಒಂದು ಮಾತು ಕೇಳಿದಳು.

"ಆಂಟಿ, ನೀವು ಬಂದು ಹೋದ ಮೇಲೆ ಅಮ್ಮ ಪ್ರತಿ ಹುಣ್ಣಿಮೆ ಬೆಳಗ್ಗೆಯಿಂದ ಸಂಜೆವರೆಗೂ ಬಾಯೇ ಬಿಡ್ತಿರ್ಲಿಲ್ಲ. ಯಾಕೆ ಅಂತ ನಮಗ್ಯಾರಿಗೂ ಹೇಳ್ಲಿಲ್ಲ. ನಿಮಗೆ ಗೊತ್ತಾ?"

ಗೊತ್ತು ಅಂದೆ. ಎಲ್ಲ ಹೇಳಿದೆ. ಚಾಕು ಕೆಳಗಿಟ್ಟು ಆಚೆ ಬಂದು ತಮ್ಮನಿಗೆ ಫೋನು ಹಚ್ಚಿದೆ. ಈ ಸಲ ಒಂದೊಂದೇ ಮಾತು ನಿಧಾನವಾಗಿ ಆಡಿದೆ, ಮಗುವಿಗೆ ಹೇಳುವ ಹಾಗೆ.

"ಆ ಹೆಂಗಸು ಸತ್ಲು. ನಿನ್ನನ್ನ ಬೈದ ಪಾಪ ತನಗೆ ಅಂತ ನಾಲ್ಕು ವರ್ಷ ಪ್ರತಿ ಹುಣ್ಣಿಮೆಗೂ ಬಾಯಿ ಕಟ್ಕೊಂಡಿದ್ಲು. ಅವಳ ಮನೆಯಿಂದ ಅರ್ಧ ಗಂಟೆ ದಾರೀಲಿ ಕೂತಿದ್ದೆ ನೀನು. ಪಾಪ ಅಲ್ಲ ಕಣಮ್ಮ ಅಂತ ಒಂದ್ ಸಲ ಹೇಳಿದ್ಯಾ?"

"ಇಲ್ಲ ಅಕ್ಕ."

"ಏಳನೇ ದಿನಕ್ಕೆ ಅವಳ ಮನೆಗೆ ಹೋಗು. ಎಲ್ಲರ ಮುಂದೆ ಹೇಳು. ಬೈದವಳು ನನ್ನಕ್ಕ, ಇವಳು ಬರೀ ಬಾಯಿ ಅನ್ನು. ಇವಳು ಕೇಳಿದ ಪ್ರಶ್ನೆ ಸರಿಯಾಗಿತ್ತು ಅನ್ನು. ಹೋಗ್ತೀಯಾ, ಇಲ್ಲ ಇದಕ್ಕೂ ಭಯನಾ?"

ಅವನು ಫೋನು ಇಟ್ಟ.

ಏಳನೇ ದಿನ ಮಧ್ಯಾಹ್ನ ಮಗಳು ಮತ್ತೆ ಫೋನು ಮಾಡಿದಳು. ಯಾರೂ ಕರೆಯದೆ ಹಾಮುದುರುಗಳೊಬ್ಬರು ನಡೆದುಕೊಂಡು ಬಂದರಂತೆ. ಭಿಕ್ಷುಗಳಿಗೆ ಬಡಿಸುವ ದಾನದ ಊಟಕ್ಕೆ ಮೊದಲು ನೆಂಟರೆಲ್ಲರ ಮುಂದೆ ಆ ಮೂರು ಮಾತನ್ನೂ ಹೇಳಿದರಂತೆ. ಹೆತ್ತ ತಾಯಿಯ ಸಾವಿಗೆ ತಾನು ಹೋಗಲಿಲ್ಲ ಅನ್ನುವುದನ್ನೂ ಹೇಳಿದರಂತೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅಮ್ಮನಿಗೆ ಬಾರದವನು ಅವಳಿಗೆ ಹೋದ. ಅಷ್ಟಾದರೂ ಕಲಿತನಲ್ಲ. ಕಲಿಸಿದವಳು ನಾನಲ್ಲ.