ಎದುರಿನ ಕುರ್ಚಿ

ಗುಮಾಸ್ತರಿಗೆ ಸಂಜೆಯ ಹೋಟೆಲ್ ಕಾಫಿ ಎಂದರೆ ಪ್ರಾಣ. ಸೋಂಕು ಬಂದು ಹೋಟೆಲಿಗೆ ಬೀಗ ಬಿದ್ದು, ಸಂಬಳ ಅರ್ಧಕ್ಕಿಳಿದಾಗ, "ಒಳ್ಳೇದೇ ಆಯ್ತು ಬಿಡೇ, ದುಡ್ಡಾದ್ರೂ ಉಳೀತು" ಎಂದರು, ಬಿದ್ದರೂ ಮೀಸೆ ಮಣ್ಣಾಗದ ಜಟ್ಟಿಯಂತೆ. ಆದರೂ ಸಂಜೆಯಾದರೆ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಅಡುಗೆಮನೆಯ ಮೇಜಿಗೆ ಬಂದು ಕೂರುತ್ತಾರೆ. ಕಾಫಿ ತಡವಾದರೆ ಬೆರಳಿನಿಂದ ಮೇಜು ಕುಟ್ಟುತ್ತಾರೆ. ಕುಡಿದೆದ್ದು ಲೋಟದಡಿ ಚಿಲ್ಲರೆ ಇಡುತ್ತಾರೆ. ಹೆಂಡತಿ ಅದನ್ನು ಹಾಲಿನ ಖರ್ಚಿಗೆ ಎತ್ತಿಟ್ಟುಕೊಂಡು, "ನಾಳೆನೂ ಬನ್ನಿ ಸಾರ್" ಎನ್ನುತ್ತಾಳೆ. ಹೋಟೆಲಿನಲ್ಲಿ ವರ್ಷಗಟ್ಟಲೆ ಅವರೆದುರು ಕೂತು, ಪೇಪರಿನ ಹಾಳೆ ಹಂಚಿಕೊಂಡು ಓದುತ್ತಿದ್ದ ಮುದುಕರೊಬ್ಬರಿದ್ದರು; ಹೆಸರು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಈಗ ಹೇಗಿದ್ದಾರೆಂದು ಯಾರನ್ನು ವಿಚಾರಿಸುವುದು? ನಿನ್ನೆ ಹೆಂಡತಿ ತನ್ನ ಲೋಟ ಹಿಡಿದು ಬಂದು ಎದುರಿನ ಕುರ್ಚಿ ಎಳೆದಳು. ಗುಮಾಸ್ತರ ಬಾಯಿಂದ ತಾನಾಗಿ ಬಂತು: "ಅಲ್ಲಿ ಒಬ್ರು ಬರ್ತಾರೆ."