ಮುಡಿಯೊಳಗಿನ ಏಳು ರೀಲುಗಳು

ಸಂಗ್ರಹ ಸಮಿತಿಯ ಪದಾಧಿಕಾರಿಗಳೇ, ವಾಸಣ್ಣನ ಅಮ್ಮನ ಕೈಗಳನ್ನು ಕತ್ತರಿಸಿದವರು ನೀವು. ಹಳೆಯ ಫಿಲ್ಮಿನ ಚಿತ್ರ ಹೆಚ್ಚುಕಡಿಮೆ ಚೌಕ, ಇಂದಿನ ಪರದೆ ಅಗಲ. ಪರದೆ ತುಂಬಲೆಂದು ಚಿತ್ರದ ಮೇಲ್ಭಾಗವನ್ನೂ ಕೆಳಭಾಗವನ್ನೂ ಕತ್ತರಿಸಿ ಎಸೆದು, ಅದಕ್ಕೆ ಡಿಜಿಟಲೀಕರಣವೆಂದು ಹೆಸರಿಟ್ಟಿರಿ. ಆಮೇಲೆ ಮೂಲ ರೀಲುಗಳನ್ನೇ ಕಳೆದಿರಿ. ಅವು ಯಾರವೆಂಬುದನ್ನು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ.

ವಾಸಣ್ಣ ಮೆಲ್ಕಾರಿನಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತಿದ್ದರು. ಪ್ರಾಯದಲ್ಲಿ ಬಹರೈನಿನ ಹೋಟೆಲಿನಲ್ಲಿ ದುಡಿದು ಮರಳಿದಾಗ ಉಳಿದವರೆಲ್ಲ ಟೇಪ್ ರೆಕಾರ್ಡರ್ ತಂದರೆ ಇವರು ತಂದದ್ದು ಸೂಪರ್ ಎಯ್ಟ್ ಎಂಬ ಪುಟ್ಟ ಸಿನಿಮಾ ಕ್ಯಾಮೆರಾ. ಒಂದು ರೀಲಿಗೆ ಮೂರು ನಿಮಿಷ ಚಿಲ್ಲರೆ. ಫಿಲ್ಮು ತೊಳೆಸಲು ಮುಂಬಯಿಗೆ ಕಳುಹಿಸಬೇಕು. ಹಾಗಾಗಿ ಪ್ರತಿಯೊಂದು ದೃಶ್ಯವನ್ನೂ ಅವರು ಮೊದಲು ಖಾಲಿ ಕ್ಯಾಮೆರಾದಲ್ಲಿ ‘ತೆಗೆಯುತ್ತಿದ್ದರು’. ಅವರ ಊರಾದ ವಾಮದಪದವಿನಲ್ಲಿ ಬಸ್ಸು ಹತ್ತಿದವರು ಇಳಿದು ಮತ್ತೊಮ್ಮೆ ಹತ್ತಿದ್ದುಂಟು.

ಅವರ ಅಮ್ಮ ಅಕ್ಕಿ ಮುಡಿ ಕಟ್ಟುವುದರಲ್ಲಿ ಹೆಸರಾದವರು. ಗಂಡಸರ ಕೆಲಸವೆಂದು ಮೂಗು ಮುರಿದವರೇ ಕೊನೆಗೆ ಅವರನ್ನು ಕರೆಯುತ್ತಿದ್ದರು. ಬೈಹುಲ್ಲಿನೊಳಗೆ ಅಕ್ಕಿ ಸುರಿದು, ಹುಲ್ಲಿನ ಹಗ್ಗ ಬಿಗಿದು, ಮರದ ಕೊಡತಿಯಿಂದ ಬಡಿದು ಅವರು ಉರುಟು ಮಾಡಿದ ಮುಡಿಗೆ ಮಳೆಗಾಲವೆಲ್ಲ ತೇವ ತಟ್ಟುತ್ತಿರಲಿಲ್ಲ. ಅದನ್ನೂ ಮಗ ಎರಡು ಸಲ ಮಾಡಿಸಿದರು. “ಕಟ್ಟಿದ್ದನ್ನು ಬಿಚ್ಚಿಸಿ ಪುನಃ ಕಟ್ಟಿಸ್ತೀಯಲ್ಲ, ನಿನಗೆ ಮರ್ಲಾ?” ಎಂದು ತಾಯಿ ತನ್ನನ್ನು ಹುಚ್ಚನೆಂದು ಬೈದದ್ದನ್ನು ವಾಸಣ್ಣ ಹೆಮ್ಮೆಯಿಂದ ಹೇಳುತ್ತಿದ್ದರು. ಆ ತಾಯಿಯ ಚಲಿಸುವ ಚಿತ್ರ ಅದೊಂದೇ.

ನಾನು ಮೊಬೈಲಿನಲ್ಲಿ ಕಿರುಚಿತ್ರ ಮಾಡುತ್ತಿದ್ದ ವಿದ್ಯಾರ್ಥಿನಿ. ಒಮ್ಮೆ ಅಂಗಡಿಯಲ್ಲಿ ವಾಸಣ್ಣ ಕೇಳಿದರು: “ಈ ಒಂದು ದೃಶ್ಯ ಎಷ್ಟು ಸಲ ತೆಗೆದೆ?”

“ನಲವತ್ತು ಸಲ.”

“ನಲವತ್ತರಲ್ಲಿ ಒಂದನ್ನಾದರೂ ಕೂತು ನೋಡಿದ್ದೀಯಾ ಮಾರಾಯ್ತಿ?”

ತಮ್ಮ ಹಳೆಯ ಕ್ಯಾಮೆರಾ ಮುಟ್ಟಿ ಅವರು ನಕ್ಕರು. “ಮೊಬೈಲು ಕೆಟ್ಟದ್ದಲ್ಲ. ಅದು ಧೈರ್ಯ ಕೊಡ್ತದೆ, ಇದು ಹೆದರಿಕೆ ಕಲಿಸ್ತದೆ. ಪಿಚ್ಚರ್ ತೆಗೆಯುವವನಿಗೆ ಎರಡೂ ಬೇಕು.”

ರೀಲುಗಳಿಗೆ ಬೂಸ್ಟು ಹಿಡಿಯಬಾರದೆಂದು ಏಳೂ ಡಬ್ಬಗಳನ್ನು ಅವರು ಅಕ್ಕಿಯೊಂದಿಗೆ ಮುಡಿಯೊಳಗೇ ಇಟ್ಟು ಕಟ್ಟುತ್ತಿದ್ದರು. ಕೈ ಅಮ್ಮನದಲ್ಲ, ಮುಡಿ ಸ್ವಲ್ಪ ಸೊಟ್ಟ. ಆ ಸೊಟ್ಟ ಮುಡಿಯನ್ನು ನಿಮಗೆ ಕೊಡಲು ಒಪ್ಪಿಸಿದವಳು ನಾನು. ಮೂಡುಬಿದಿರೆಯ ನಿಮ್ಮ ಕಚೇರಿಯ ಮೇಜಿನ ಮೇಲೆ ಅದನ್ನು ಬಿಚ್ಚಿ ಏಳು ಡಬ್ಬ ತೋರಿಸಿ ವಾಸಣ್ಣ ಹೇಳಿದರು: “ಕಾಪಿ ಆದ ಮೇಲೆ ತಿರುಗಿ ಇದರಲ್ಲೇ ಇಡಿ. ಇದರಷ್ಟು ಒಣಗಿದ ಜಾಗ ನಿಮ್ಮಲ್ಲಿ ಇಲ್ಲ.” ನಿಮ್ಮ ಗುಮಾಸ್ತರು ರಶೀದಿಯಲ್ಲಿ ಬರೆದದ್ದು: ‘ಅಕ್ಕಿ ಮುಡಿ – ಒಂದು’. ಅವರ ಪಟ್ಟಿಯಲ್ಲಿ ರೀಲಿಗೆ ಕಲಂ ಇರಲಿಲ್ಲವಂತೆ. ಬಸ್ಸಿಗೆ ಹೊತ್ತಾಯಿತೆಂದು ಅದನ್ನು ತಿದ್ದಿಸದೆ ಬಂದವಳೂ ನಾನೇ.

ಎರಡು ತಿಂಗಳ ನಂತರ ವೀಡಿಯೊ ಬಂತು. ಅಂಗಡಿಯಲ್ಲಿ ನನ್ನ ಮೊಬೈಲು ಹಿಡಿದು ವಾಸಣ್ಣ ಅದನ್ನು ಮೂರು ಸಲ ನೋಡಿದರು.

“ಮುಖ ಉಂಟು. ಕೈ ಎಲ್ಲಿ?”

ಕೈಗಳು ಕತ್ತರಿಸಿದ ಭಾಗದಲ್ಲಿದ್ದವು.

“ಅಮ್ಮನ ಮುಖ ನನಗೆ ನೆನಪುಂಟು ಮಗಾ. ಕೈ ನೋಡಲಿಕ್ಕೇ ತೆಗೆದದ್ದು ನಾನು.”

ನಿಮ್ಮ ಕಾರ್ಯದರ್ಶಿಗೆ ಅಲ್ಲಿಂದಲೇ ಫೋನ್ ಮಾಡಿ, ರೀಲು ಹಿಂದೆ ಕೊಡಿ, ಪೂರ್ತಿ ಚೌಕಟ್ಟಿನಲ್ಲಿ ಪ್ರತಿ ಮಾಡಿಸುತ್ತೇವೆ ಎಂದೆ. “ಡಿಜಿಟಲ್ ಆಗಿದೆಯಲ್ಲ, ಇನ್ನು ಆ ಡಬ್ಬ ಯಾಕೆ?” ಎಂದರು ಅವರು. ಮರುದಿನ ಕಚೇರಿಗೆ ಹೋದರೆ, ಕಾಪಿಯ ನಂತರ ಡಬ್ಬಗಳನ್ನು ತಿರುಗಿ ಒಳಗಿಟ್ಟು ಕಟ್ಟಿದ್ದ ಮುಡಿಯೇ ಇಲ್ಲ. ಬೆಳ್ತಂಗಡಿಯಲ್ಲಿ ನೀವು ನಡೆಸಿದ ಪರಂಪರೆಯ ಕಾರ್ಯಕ್ರಮದ ವೇದಿಕೆಗೆ, ಭತ್ತ ಅಳೆಯುವ ಕಳಸೆ, ಅಡಿಕೆ ಹಾಳೆಯ ಟೋಪಿ ಮುಟ್ಟಾಳೆಗಳ ಜೊತೆ ಅಲಂಕಾರಕ್ಕೆಂದು ಹೋಗಿತ್ತು. ಅಲ್ಲಿಂದ ಹಿಂದೆ ಬರಲಿಲ್ಲ. “ಹುಲ್ಲಿನ ಸಾಮಾನೆಲ್ಲ ಯಾರ್ಯಾರೋ ಕೊಂಡುಹೋದ್ರು, ಚಂದ ಉಂಟು ಅಂತ,” ಎಂದರು ವೇದಿಕೆ ಕಟ್ಟಿದವರು. ಪರಂಪರೆಯನ್ನು ಹೊಗಳುವ ಭಾಷಣಗಳ ಪಕ್ಕದಲ್ಲೇ ಅದು ಕೂತಿತ್ತು. ಒಳಗೇನಿದೆಯೆಂದು ನಿಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಕೊನೆಯ ಸಲ ಕಂಡಾಗ ವಾಸಣ್ಣ ಆ ವೀಡಿಯೊವನ್ನು ನಡುವೆ ನಿಲ್ಲಿಸಿ, ಮೊಬೈಲಿನ ಕೆಳಗಂಚಿನಲ್ಲಿ ಬೆರಳು ಜಾರಿಸಿ ಚಿತ್ರವನ್ನು ಮೇಲಕ್ಕೆ ಎಳೆಯುತ್ತಿದ್ದರು. ಅದು ಮೇಲೇರಲಿಲ್ಲ. “ಸಿಕ್ಕಿತಾ?” ಎಂದರು. ಹುಡುಕುತ್ತಿದ್ದೇವೆ ಎಂದೆ. ಹದಿನೈದು ದಿನಗಳಲ್ಲಿ ತೀರಿಕೊಂಡರು.

ಆ ಮುಡಿ ಈಗಲೂ ಯಾವುದೋ ಹೋಟೆಲಿನ ಗಾಜಿನ ಕಪಾಟಿನಲ್ಲಿ ಕೂತಿರಬಹುದು. ಆದ್ದರಿಂದ ಸಮಿತಿಯನ್ನು ವಿನಂತಿಸುತ್ತೇನೆ: ಮುಡಿಯನ್ನು ಯಾರ ಅಪ್ಪಣೆಯಿಂದ ಹೊರಗೆ ಕಳುಹಿಸಲಾಯಿತೆಂಬುದಕ್ಕೆ ಲಿಖಿತ ಉತ್ತರ ಕೊಡಿ. ನಿಮ್ಮ ಹೆಸರಿನಲ್ಲೇ ಬಹಿರಂಗ ಪ್ರಕಟಣೆ ಹೊರಡಿಸಿ, ಸೊಟ್ಟ ಮುಡಿ ಇರುವವರು ಅದನ್ನು ಬಿಚ್ಚದೆ ತಂದೊಪ್ಪಿಸುವಂತೆ ಕೋರಿ. ಸಿಕ್ಕಿದಾಗ ಏಳೂ ರೀಲುಗಳನ್ನು ಅಂಚು ಕತ್ತರಿಸದೆ ಪ್ರತಿ ಮಾಡಿಸಿ, ವಾಮದಪದವಿನಲ್ಲಿ ಜನರ ಮುಂದೆ ತೋರಿಸಿ. ಅದಕ್ಕೆ ಮೊದಲು ನಿಮ್ಮ ರಶೀದಿಯನ್ನು ತಿದ್ದಿ ಕೊಡಿ: ‘ರೀಲುಗಳು – ಏಳು’. ತಿದ್ದಬೇಕಾದ ಪ್ರತಿ ನನ್ನ ಕೈಯಲ್ಲಿದೆ; ಕರೆದ ದಿನ ತರುತ್ತೇನೆ.